ನೋಡುವವರೊಬ್ಬರು, ಕೇಳುವವರೊಬ್ಬರು

ನಮ್ಮೂರಿನಲ್ಲಿ ಮಗುವಿಗೆ ಹದಿಮೂರು ತುಂಬಿದ ದಿನ ಮನೆಯಲ್ಲಿ ಶಾವಿಗೆ ಪಾಯಸ ಮಾಡುತ್ತಾರೆ. ಮಗುವಿಗೆ ಮೊದಲು ಬಡಿಸಿ, ಆಮೇಲೆ ಮನೆಮಂದಿಯೆಲ್ಲ ಲೋಟ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ಅಂದಿನಿಂದ ಸುಮಾರು ಹದಿನೆಂಟರವರೆಗೆ, ಆ ಮಗುವಿನ ಮುಖ ನೋಡುತ್ತಿರುವವರಿಗೆ ಅದರ ಮಾತು ಕೇಳಿಸುವುದಿಲ್ಲ. ತುಟಿ ಅಲ್ಲಾಡುವುದು ಕಾಣುತ್ತದೆ, ಸದ್ದು ಬರುವುದಿಲ್ಲ. ಬೇರೆ ಕಡೆ ತಿರುಗಿಕೊಂಡರೆ ಸ್ಪಷ್ಟವಾಗಿ ಕೇಳಿಸುತ್ತದೆ. ಕನ್ನಡಿಯಲ್ಲಿ ನೋಡಿದರೂ ಅದೇ ಪಾಡು. ಓರೆಗಣ್ಣಿನಲ್ಲಿ ಕದ್ದು ನೋಡಿದರೆ ಮಾತು ತುಂಡು ತುಂಡಾಗಿ ಬಂದು ಮನೆಯಲ್ಲಿ ದೊಡ್ಡ ರಂಪವಾಗುತ್ತದೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ನಲ್ಲಿಯಲ್ಲಿ ನೀರು ಬಂದಷ್ಟೇ ಸಹಜ. ನಿಜ ಹೇಳಬೇಕೆಂದರೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಇದು ಒಂದು ದಿನವೂ ತಪ್ಪುವುದಿಲ್ಲ.

ಊರು ಇದಕ್ಕೆ ಚೆನ್ನಾಗಿ ಒಗ್ಗಿಕೊಂಡಿದೆ. ಅಡುಗೆಮನೆಯ ಒಲೆಯನ್ನು ಎಲ್ಲರೂ ಬಾಗಿಲಿಗೆ ಎದುರಿನ ಗೋಡೆಗೆ ತಾಗಿಸಿಯೇ ಕಟ್ಟಿಸುತ್ತಾರೆ. ಅಮ್ಮ ಗೋಡೆಯ ಕಡೆ ತಿರುಗಿ ಒಗ್ಗರಣೆ ಹಾಕುತ್ತಿದ್ದರೆ ಮಕ್ಕಳು ಹಿಂದೆ ಹೊಸ್ತಿಲ ಮೇಲೆ ಕೂತು ಶಾಲೆಯ ಸುದ್ದಿ ಹೇಳುತ್ತವೆ. ಹೊಸ್ತಿಲು ಎಷ್ಟು ಸವೆದಿದೆ ಎಂದು ನೋಡಿ ಸಂಬಂಧ ಕುದುರಿಸುವವರೂ ಇದ್ದಾರೆ. ಮೇಷ್ಟ್ರುಗಳು ಬೋರ್ಡಿನ ಕಡೆ ತಿರುಗಿ ಪ್ರಶ್ನೆ ಕೇಳುತ್ತಾರೆ, ಹಾಜರಿ ಕೂಗುತ್ತಾರೆ. ಗಲಾಟೆ ಹೆಚ್ಚಾದರೆ ಬೆತ್ತ ಹುಡುಕಬೇಕಿಲ್ಲ, ಸರ್ರನೆ ಇತ್ತ ತಿರುಗಿದರೆ ಮುಗಿಯಿತು. ಹರೆಯದವರು ತಮ್ಮತಮ್ಮಲ್ಲೂ ಎದುರುಬದುರು ಕೂರುವುದಿಲ್ಲ. ಸಂಜೆಯಾದರೆ ಕೆರೆಯ ಏರಿಯ ಮೇಲೆ ಇಬ್ಬಿಬ್ಬರೇ ಬೆನ್ನಿಗೆ ಬೆನ್ನು ಆನಿಸಿ ಕೂತಿರುತ್ತಾರೆ. ಹಾಗೆ ದಿನವೂ ಜೊತೆಗೆ ಕೂರುವವರನ್ನು ಬೆನ್ನುಜೊತೆ ಅನ್ನುತ್ತೇವೆ. ನನ್ನ ಕಾಲದ ಬೆನ್ನುಜೊತೆ ಈಗ ಪಂಚಾಯಿತಿ ಮೆಂಬರು. ಎದುರಿಗೆ ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾನೆ, ಅದಕ್ಕೆ ಕಾರಣ ಬೇರೆ.

ಹರೆಯದವರ ಮುಖ ನೋಡಲೇಬಾರದು ಎಂದು ಯಾರೂ ಕಟ್ಟಳೆ ಮಾಡಿಲ್ಲ. ಸುಮ್ಮನಿದ್ದಾಗ ನೋಡಿದರೆ ನಷ್ಟವೇನೂ ಇಲ್ಲ. ಆದರೆ ಅವು ಯಾವ ಗಳಿಗೆಯಲ್ಲಿ ಬಾಯಿ ಬಿಡುತ್ತವೆ ಎಂದು ಯಾರಿಗೆ ಗೊತ್ತು? ಬಂದ ಮಾತು ವ್ಯರ್ಥವಾದೀತು ಎಂದು ನಮ್ಮ ಹಿರಿಯರು ಸದಾ ಆಚೆ ನೋಡುತ್ತ ಬಂದರು. ಅಭ್ಯಾಸ ಹೋಗಿ ಮರ್ಯಾದೆಯಾಯಿತು. ಹದಿನೈದರ ಹುಡುಗಿಯ ಮುಖವನ್ನು ನೆಟ್ಟಗೆ ನೋಡಿದರೆ ‘ನಿನ್ನ ಮಾತು ನನಗೆ ಬೇಕಿಲ್ಲ’ ಎಂದು ಹೇಳಿದ ಹಾಗೆ. ತಾಯಂದಿರಿಗೆ ತೀರಾ ಸಿಟ್ಟು ಬಂದಾಗ ಬಾಯಿಂದ ಬರುವ ಕೊನೆಯ ಮಾತೂ ಅದೇ: “ಸುಮ್ನಿರ್ತೀಯೋ, ಇಲ್ಲ ಮುಖ ನೋಡ್ಲೋ?”

ಇಂಥ ಊರಿನಲ್ಲಿ ನಾನು ಶಾಲಾ ವ್ಯಾನಿನ ಡ್ರೈವರು. ಹೆಸರು ತಿಮ್ಮರಾಯ, ಮಕ್ಕಳ ಬಾಯಲ್ಲಿ ರಾಯಿ ಮಾಮ. ಇಪ್ಪತ್ತಾರು ಸೀಟಿನ ವ್ಯಾನು, ಹತ್ತೊಂಬತ್ತು ವರ್ಷದ ಸರ್ವೀಸು. ನನ್ನ ಬೆನ್ನು ಮಕ್ಕಳ ಕಡೆ, ಕಣ್ಣು ರಸ್ತೆಯ ಕಡೆ. ಒಳಗಿನ ಕನ್ನಡಿಯನ್ನು ಮೊದಲ ವಾರವೇ ಕಿತ್ತು ಹಾಕಿದ್ದೆ. ಮೇಷ್ಟ್ರುಗಳಾದರೂ ಆಗಾಗ ಬೋರ್ಡು ಬಿಟ್ಟು ತಿರುಗಬೇಕು, ನಾನು ತಿರುಗಿದರೆ ವ್ಯಾನು ಹಳ್ಳಕ್ಕೆ. ಹಾಗಾಗಿ ಈ ಊರಿನ ಹರೆಯದ ಮಕ್ಕಳ ಮಾತನ್ನು ನನ್ನಷ್ಟು ಕೇಳಿದವನು ಇನ್ನೊಬ್ಬನಿಲ್ಲ. ಕೆಮ್ಮಿದರೆ ಯಾರು ಎಂದು ಹೇಳಬಲ್ಲೆ. ‘ಏನಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೊಟ್ಟೆನೋವಿನ ಏನಿಲ್ಲ ಯಾವುದು, ಮಾರ್ಕ್ಸು ಕಡಿಮೆಯಾದ ಏನಿಲ್ಲ ಯಾವುದು, ಯಾರ ಮೇಲೋ ಮನಸ್ಸಾದ ಏನಿಲ್ಲ ಯಾವುದು ಎಂದು ಬಿಡಿಸಿ ಹೇಳಬಲ್ಲೆ. ಭಾನುವಾರ ಬಂತೆಂದರೆ ನಮ್ಮ ಜಗಲಿಯ ಮೇಲೆ ಅಪ್ಪಂದಿರ ಸಾಲು. “ರಾಯಣ್ಣ, ನಮ್ ಹುಡುಗ ಏನಂತಾನೆ?” ಗುಟ್ಟು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ. “ಈ ವಾರ ಗಣಿತದ ಸುದ್ದಿ ಎತ್ತಬೇಡಿ” ಎಂದಷ್ಟೇ ಹೇಳಿ ಕಳಿಸುತ್ತಿದ್ದೆ. ಒಳ್ಳೆಯ ಹೆಸರಿತ್ತು. ಆ ಹೆಸರು ನನ್ನ ತಲೆಗೆ ಏರಿತ್ತು ಎಂಬುದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಅವತ್ತು ಶನಿವಾರ, ಅರ್ಧ ದಿನದ ಶಾಲೆ. ಮಕ್ಕಳನ್ನೆಲ್ಲ ಇಳಿಸಿ ಬಂದು ವ್ಯಾನು ತೊಳೆಯುತ್ತಿದ್ದೆ. ಹಿಟ್ಟಿನ ಗಿರಣಿಯ ಸುಗುಣಮ್ಮ ಓಡುತ್ತ ಬಂದಳು. ಮೊಣಕೈವರೆಗೆ ರಾಗಿಹಿಟ್ಟು, ಸೆರಗು ಎಲ್ಲೋ, ಉಸಿರು ಎಲ್ಲೋ. ಗಂಡ ತೀರಿದ ಮೇಲೆ ಗಿರಣಿಯನ್ನೂ ಒಬ್ಬಳೇ ಮಗಳನ್ನೂ ಒಂಟಿಯಾಗಿ ಸಂಭಾಳಿಸಿದ ಹೆಂಗಸು ಅವಳು. ಸುಲಭಕ್ಕೆ ಗಾಬರಿ ಬೀಳುವವಳಲ್ಲ.

“ಅಣ್ಣ, ಮೇದಿನಿ ಎಲ್ಲಿ ಇಳಿದ್ಲು?”

“ನಿಮ್ಮ ಮನೆ ಮುಂದೇನೇ ಇಳಿದಿರ್ತಾಳೆ.”

“ಇಳಿದಿರ್ತಾಳೆ ಅಂದ್ರೆ? ಇಳಿದಿದ್ದು ನಿಮಗೆ ಗೊತ್ತಿಲ್ವಾ?”

ಗೊತ್ತು ಎಂದು ಹೇಳಲು ಬಾಯಿ ತೆರೆದವನು ಹಾಗೇ ನಿಂತೆ. ಮೇದಿನಿ, ಒಂಬತ್ತನೇ ಕ್ಲಾಸು, ಗಿರಣಿ ಮನೆ ಸ್ಟಾಪು. ಹೆಸರು ಗೊತ್ತು. ದನಿ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಅವತ್ತಿನ ದನಿ ಹಾಗಿರಲಿ, ಆ ತಿಂಗಳಿನದೂ ಬರಲಿಲ್ಲ. ಬೆನ್ನ ಹಿಂದೆ ಇಪ್ಪತ್ತೈದು ದನಿಗಳ ಸಂತೆ ನಡೆಯುತ್ತಿದ್ದರೆ ಇಪ್ಪತ್ತಾರನೆಯದು ಇಲ್ಲ ಎಂದು ಯಾರ ಗಮನಕ್ಕೆ ಬಂದೀತು? ದನಿಯಿಂದಲೇ ತಲೆ ಎಣಿಸುವವನಿಗೆ ಮಾತಾಡದ ಮಗು ಲೆಕ್ಕಕ್ಕೇ ಸಿಗುವುದಿಲ್ಲ.

ಸುಗುಣಮ್ಮ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತಳು. “ಮಧ್ಯಾಹ್ನ ಗಿರಣಿ ನಿಲ್ಲಿಸಿ ಬಂದು ಒಲೆ ಹಚ್ಚಿದೆ ಅಣ್ಣ. ಹಿಂದೆ ಸದ್ದಾಯ್ತು, ಬಂದು ಹೊಸ್ತಿಲ ಮೇಲೆ ಕೂತ್ಲು ಅಂದ್ಕೊಂಡೆ. ಈಗ ಮೂರು ತಿಂಗಳಿಂದ ಅವಳು ಮಾತಾಡಲ್ಲ, ನಾನೇ ಆಡ್ತೀನಿ. ದೊಡ್ಡವಳಾಗ್ತಿದಾಳೆ, ಗಂಭೀರ ಬಂದಿದೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಇವತ್ತು ಸಾರು ಕುದಿಯೋವರೆಗೂ ಅರ್ಧ ಗಂಟೆ ಮಾತಾಡಿದೀನಿ. ಬೆಳಿಗ್ಗೆ ಬೈದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕಂದ ಅಂತಾನೂ ಹೇಳ್ದೆ. ಬಡಿಸೋಣ ಅಂತ ತಿರುಗಿದ್ರೆ ಹೊಸ್ತಿಲಲ್ಲಿ ಪಕ್ಕದ ಮನೆ ಬೆಕ್ಕು ಕೂತಿತ್ತು.”

ಅವಳು ಅಳಲಿಲ್ಲ. ಕೈಯ ಹಿಟ್ಟನ್ನು ಸೀರೆಗೆ ಒರೆಸುತ್ತಲೇ ಇದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು.

ಅದೇ ಬೀದಿಯಲ್ಲಿ ನಸ್ರೀನಳ ಮನೆ. ಮೇದಿನಿಗಿಂತ ಒಂದು ವರ್ಷ ದೊಡ್ಡವಳು, ಹತ್ತನೇ ಕ್ಲಾಸು. ದಿನಾ ಬೆಳಿಗ್ಗೆ ನಾನು “ಎಲ್ಲಾ ಹತ್ತಿದ್ರಾ?” ಎಂದು ಕೂಗಿದರೆ “ಎಲ್ಲಾ ಹತ್ತಿದೀವಿ ಮಾಮ, ಹೊರಡಿ” ಎಂದು ಹೇಳುವವಳು ಅವಳೇ. ನನ್ನ ಪಾಲಿಗೆ ವ್ಯಾನಿನ ಅರ್ಧ ಕಂಡಕ್ಟರು. ಅವಳ ಮನೆಯ ಮುಂದೆ ನಿಂತು ನಾನೂ ಸುಗುಣಮ್ಮನೂ ಬೀದಿಯ ಕಡೆ ತಿರುಗಿಕೊಂಡೆವು. ಮೇದಿನಿ ಎಲ್ಲಿ ಎಂದು ಕೇಳಿದೆ. ಹಿಂದಿನಿಂದ ನಸ್ರೀನಳ ಮಾತು ಒಮ್ಮೆಗೇ ಬಂತು.

“ಹನ್ನೊಂದು ದಿನ ಆಯ್ತು ಮಾಮ, ಅವಳು ವ್ಯಾನು ಹತ್ತಿ. ಮೊದಲನೇ ದಿನ ಅವಳೇ ಕೇಳಿದ್ಲು, ಇವತ್ತೊಂದಿನ ನನ್ನ ಬದಲು ಹೂಂ ಅಂದುಬಿಡೇ ಅಂತ. ಅಂದೆ. ಮಾರನೇ ದಿನ ಅವಳು ಕೇಳಲಿಲ್ಲ, ಆದ್ರೂ ನಾನೇ ಅಂದೆ. ಅವಳ ಕ್ಲಾಸಲ್ಲೂ ಯಾರೋ ಹಾಜರಿ ಹೇಳ್ತಿದಾರೆ.”

“ಯಾಕಮ್ಮ ಹಾಗೆ ಮಾಡ್ದೆ?” ಎಂದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು.

“ನೀವು ಯಾರಾದ್ರೂ ಒಂದು ಸಲ ತಿರುಗಿ ನೋಡಿದ್ರೆ ಸಿಕ್ಕಿ ಬೀಳ್ತಿದ್ದೆ ಮಾಮ. ದಿನಾ ಕಾಯ್ತಿದ್ದೆ.”

ನಾನು ಬೀದಿಯ ಆಚೆಯ ಕಂಬವನ್ನೇ ನೋಡುತ್ತ ನಿಂತೆ. ಉಳಿದದ್ದನ್ನೂ ನಸ್ರೀನಳೇ ಹೇಳಿದಳು. ಮೇದಿನಿಯ ಬೆನ್ನುಜೊತೆಯಾಗಿದ್ದ ಹುಡುಗಿ ದಸರಾ ರಜೆಯಲ್ಲಿ ಅಪ್ಪನಿಗೆ ವರ್ಗವಾಗಿ ಊರು ಬಿಟ್ಟು ಹೋದಳಂತೆ. ಏರಿಯ ಮೇಲೆ ಉಳಿದವರೆಲ್ಲ ಆಗಲೇ ಇಬ್ಬಿಬ್ಬರಾಗಿ ಜೊತೆಯಾದವರು. ಮೂರನೆಯವಳಿಗೆ ಆನಿಸಲು ಬೆನ್ನು ಎಲ್ಲಿದೆ? ಮೇದಿನಿ ಸ್ವಲ್ಪ ದಿನ ಒಬ್ಬಳೇ ಬಂದು ನೀರಿನ ಕಡೆ ಮುಖ ಮಾಡಿ ಕೂತಳಂತೆ, ಆಮೇಲೆ ಬರುವುದನ್ನು ಬಿಟ್ಟಳಂತೆ. ಈಗ ಹಗಲಿಡೀ ಹೆದ್ದಾರಿಯ ಪಕ್ಕ, ದೂರದೂರಿನ ಬಸ್ಸುಗಳು ಹತ್ತು ನಿಮಿಷ ನಿಲ್ಲುವ ಟೀ ಅಂಗಡಿಯ ಹತ್ತಿರ ಇರುತ್ತಾಳಂತೆ. ನಸ್ರೀನ ಎರಡು ಸಲ ವ್ಯಾನಿನ ಕಿಟಕಿಯಿಂದ ಅವಳನ್ನು ಅಲ್ಲಿ ಕಂಡಿದ್ದಳು.

ಸುಗುಣಮ್ಮ ಆಗಲೇ ವ್ಯಾನು ಹತ್ತಿದ್ದಳು. ನಸ್ರೀನ ಚಪ್ಪಲಿಯನ್ನೂ ಹಾಕದೆ ಹಿಂದೆ ಹತ್ತಿದಳು. ನಾನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಶಾಲೆಯ ಮುಂದಿನ ಉಬ್ಬಿನ ಮೇಲೆ ನಿಧಾನ ಮಾಡದೆ ವ್ಯಾನು ಹಾರಿಸಿದೆ.

ಟೀ ಅಂಗಡಿ ಸೆಲ್ವಮ್ಮನದು. ಹೊರಗಿನಿಂದ ಬಂದು ನೆಲೆಸಿದವಳು, ಅವಳ ಮಕ್ಕಳು ಬೇರೆ ಊರಿನಲ್ಲೇ ದೊಡ್ಡವರಾದವರು. ನಾವು ಹೋದಾಗ ಅಂಗಡಿಯ ಮುಂದೆ ಕೆಂಪು ಬಸ್ಸೊಂದು ನಿಂತಿತ್ತು. ಜನ ಟೀ ಕುಡಿದು ಒಬ್ಬೊಬ್ಬರಾಗಿ ಒಳಗೆ ಹತ್ತುತ್ತಿದ್ದರು. ಬಾಗಿಲ ಪಕ್ಕ ಸಮವಸ್ತ್ರದ ಹುಡುಗಿಯೊಬ್ಬಳು ಬ್ಯಾಗು ತಬ್ಬಿಕೊಂಡು ನಿಂತಿದ್ದಳು. “ಇವಳೇನಾ?” ಎಂದು ನಾನು ಸುಗುಣಮ್ಮನನ್ನು ಕೇಳಬೇಕಾಯಿತು. ಎರಡು ವರ್ಷ ನನ್ನ ವ್ಯಾನಿನಲ್ಲಿ ಓಡಾಡಿದ ಹುಡುಗಿ. ಕೇಳುವಾಗ ನಾಚಿಕೆಯಾಯಿತು.

ಆಮೇಲೆ ನಾವು ಮಾಡಿದ ಕೆಲಸವನ್ನು ಬೇರೆ ಯಾವ ಊರಿನವರೂ ಮಾಡಲಾರರು. ಸುಗುಣಮ್ಮ ಮಗಳಿಂದ ಹತ್ತು ಹೆಜ್ಜೆ ದೂರದವರೆಗೆ ಓಡಿ ಹೋದಳು, ನಿಂತಳು, ಮರ್ಯಾದಸ್ತ ತಾಯಿಯ ಹಾಗೆ ಆ ಕಡೆ ತಿರುಗಿದಳು. ಅವಳ ಪಕ್ಕಕ್ಕೆ ಹೋಗಿ ನಾನೂ ತಿರುಗಿದೆ. ನಸ್ರೀನ ನನ್ನ ಪಕ್ಕಕ್ಕೆ ಬಂದು ಅವಳೂ ತಿರುಗಿದಳು. ಮೂವರೂ ಸಾಲಾಗಿ, ಹುಡುಗಿಗೆ ಬೆನ್ನು ಹಾಕಿ, ಹೆದ್ದಾರಿಯಾಚೆಯ ಜೋಳದ ಹೊಲ ನೋಡುತ್ತ ನಿಂತೆವು. ನಮ್ಮ ಪ್ರೀತಿಯೆಲ್ಲ ಆ ಬೆನ್ನಿನಲ್ಲೇ ಇತ್ತು, ನಂಬಿ.

“ಹೇಳು ಕಂದ, ಕೇಳ್ತಾ ಇದೀನಿ,” ಎಂದಳು ಸುಗುಣಮ್ಮ.

ಹಿಂದೆ ಬಸ್ಸಿನ ಇಂಜಿನು ಗುರುಗುಟ್ಟುವುದು ಬಿಟ್ಟರೆ ಇನ್ನೇನೂ ಕೇಳಿಸಲಿಲ್ಲ.

“ಹೇಳಮ್ಮ, ನಾನೂ ಕೇಳ್ತಿದೀನಿ. ಎಷ್ಟೊತ್ತಾದ್ರೂ ಆಗ್ಲಿ,” ಎಂದೆ ನಾನು, ನನ್ನ ಅತ್ಯುತ್ತಮ ದನಿಯಲ್ಲಿ. ಎಂಥೆಂಥ ಮೊಂಡರ ಬಾಯಿ ಬಿಡಿಸಿದ ದನಿ ಅದು.

ಕಂಡಕ್ಟರ್ ಸೀಟಿ ಊದಿದ. ಅಷ್ಟರಲ್ಲಿ ಅಂಗಡಿಯಿಂದ ಸೆಲ್ವಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಏನ್ ಜನಾನಪ್ಪ ನೀವು? ಆ ಮಗು ಬಸ್ ಹತ್ತುತಾ ಇದೆ, ನೀವು ಮೂರು ಜನಾನೂ ಹೊಲ ನೋಡ್ತಾ ನಿಂತಿದೀರಲ್ಲ. ತಿರುಗ್ರಿ ಈ ಕಡೆ.”

ತಿರುಗಿದೆ. ಮೇದಿನಿ ಬಸ್ಸಿನ ಎರಡನೇ ಮೆಟ್ಟಿಲ ಮೇಲಿದ್ದಳು. ನಾನು ತಿರುಗಿದ್ದು ಕಂಡು ಅಲ್ಲೇ ನಿಂತಳು. ಸಣ್ಣ ಮುಖ, ಹಣೆಯ ತುಂಬ ಮೊಡವೆ, ಎಡಗಡೆಯ ಹುಬ್ಬಿನಲ್ಲಿ ಹಳೆಯ ಗಾಯದ ಗೀರು. ಕಣ್ಣು ಬಾತುಕೊಂಡಿದ್ದವು. ಅದು ಆ ದಿನದ ಅಳುವಿನ ಬಾವಲ್ಲ. ಕೆನ್ನೆ ಒಳಗೆ ಹೋಗಿತ್ತು, ಸಮವಸ್ತ್ರ ಭುಜದ ಮೇಲೆ ಜೋತಾಡುತ್ತಿತ್ತು. ತಿಂಗಳುಗಟ್ಟಲೆ ಈ ಹುಡುಗಿ ಸರಿಯಾಗಿ ಉಂಡಿಲ್ಲ, ಮಲಗಿಲ್ಲ ಎಂದು ತಿಳಿಯಲು ಒಂದು ಮಾತೂ ಬೇಕಿರಲಿಲ್ಲ. ಯಾರಾದರೂ ಒಂದು ಸಲ ಕಣ್ಣೆತ್ತಿ ನೋಡಿದ್ದರೆ ಸಾಕಿತ್ತು.

ನಾನು ಬಸ್ಸಿನ ಬಾಗಿಲ ಬುಡಕ್ಕೆ ಹೋದೆ. ಅವಳನ್ನೇ ನೋಡುತ್ತ ಹೋದೆ. ನಮ್ಮೂರ ಲೆಕ್ಕದಲ್ಲಿ ಅದು ಬೈಗುಳಕ್ಕೆ ಸಮ. ಅವಳ ಮುಖ ಸಿಟ್ಟಿನಿಂದ ಕೆಂಪಾಯಿತು, ತುಟಿ ಅಲ್ಲಾಡಿದವು. ಏನೋ ಹೇಳಿದಳು, ಬಹುಶಃ ನನಗೆ ಬೈದಳು. ಕೇಳಿಸಲಿಲ್ಲ. ತಿರುಗು, ತಿರುಗು ಎಂದು ನನ್ನ ಕತ್ತು ಎಳೆಯುತ್ತಿತ್ತು. ಹತ್ತೊಂಬತ್ತು ವರ್ಷದ ಅಭ್ಯಾಸ, ಕತ್ತಿನ ನರಕ್ಕೂ ಹಿಡಿದುಕೊಂಡಿತ್ತು. ತಿರುಗಿದರೆ ಅವಳ ಮಾತು ನನಗೆ ಸಿಗುತ್ತಿತ್ತು, ಅವಳು ಸಿಗುತ್ತಿರಲಿಲ್ಲ. ಒಬ್ಬನಿಂದ ಆಗುವ ಕೆಲಸ ಇದಲ್ಲ ಎಂದು ಆಗ ಹೊಳೆಯಿತು.

ನಸ್ರೀನಳ ಕೈ ಹಿಡಿದು ಎಳೆದು ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡೆ. “ನೀನು ಹೊಲದ ಕಡೆ ತಿರುಗು. ಅವಳು ಹೇಳೋದನ್ನ ನೀನು ಕೇಳಿಸ್ಕೋ. ನಾನು ತಿರುಗಲ್ಲ.” ಆಮೇಲೆ ಮೇದಿನಿಗೆ ಹೇಳಿದೆ: “ಮಗಳೇ, ನಿನ್ನ ಮಾತು ಬೇಡ ಅಂತ ನೋಡ್ತಿಲ್ಲ ನಾನು. ಮಾತು ಕೇಳೋಕೆ ಇವಳಿದಾಳೆ. ನೋಡೋಕೆ ನಾನಿದೀನಿ. ನನಗೆ ಒಂದು ಅಕ್ಷರಾನೂ ಕೇಳಿಸೋದು ಬೇಡ. ನೀನು ಏನು ಬೇಕಾದ್ರೂ ಅನ್ನು.”

ಕಂಡಕ್ಟರ್ ತಲೆ ಹೊರಗೆ ಹಾಕಿದ. “ಹತ್ತಿಸ್ತೀರೋ ಇಳಿಸ್ತೀರೋ ಸ್ವಾಮಿ? ಟೈಮ್ ಆಯ್ತು.”

ನಾನು ಅವನಿಗೆ ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಅವನ ಕಡೆ ನೋಡಬೇಕಾಗುತ್ತಿತ್ತು. ಮೇದಿನಿಯ ತುಟಿ ಮತ್ತೆ ಅಲ್ಲಾಡಿದವು, ಈ ಸಲ ಸ್ವಲ್ಪವೇ. ಪಕ್ಕದಲ್ಲಿ ನಸ್ರೀನ ಮೂಗು ಒರೆಸಿಕೊಂಡಳು.

“ಮಾಮ, ನನ್ನ ಮೇಲಿಂದ ಕಣ್ಣು ತೆಗೀಬೇಡಿ ಅಂತಿದಾಳೆ.”

“ತೆಗೆಯಲ್ಲ,” ಎಂದೆ.

ಅವಳು ಒಂದು ಮೆಟ್ಟಿಲು ಇಳಿದಳು. ನಿಂತಳು. ನನ್ನ ಕಣ್ಣು ಅಲ್ಲೇ ಇದೆಯೇ ಎಂದು ನೋಡಿದಳು. ಇನ್ನೊಂದು ಮೆಟ್ಟಿಲು ಇಳಿದಳು. ಬಸ್ಸು ಹೊಗೆ ಬಿಟ್ಟುಕೊಂಡು ಹೋಯಿತು. ಸೆಲ್ವಮ್ಮ ಅಂಗಡಿಯ ಬೆಂಚಿನ ಮೇಲಿದ್ದವರನ್ನು ಎಬ್ಬಿಸಿ ಜಾಗ ಮಾಡಿದಳು. ಮೇದಿನಿ ಕೂತಳು, ಅವಳ ಬೆನ್ನಿಗೆ ಬೆನ್ನು ಕೊಟ್ಟು ನಸ್ರೀನ ಕೂತಳು, ಎದುರಿಗೆ ನೆಲದ ಮೇಲೆ ನಾನು. ಸುಗುಣಮ್ಮ ಇನ್ನೂ ದೂರದಲ್ಲೇ, ಅತ್ತ ನೋಡಬೇಕೋ ಇತ್ತ ನೋಡಬೇಕೋ ತಿಳಿಯದೆ ನಿಂತಿದ್ದಳು. “ನಾನೂ ನೋಡಬಹುದಾ?” ಎಂದು ಮಗಳನ್ನು ಕೇಳಿದಳು, ಪರರ ಮನೆಯ ಬಾಗಿಲಲ್ಲಿ ನಿಂತವಳ ಹಾಗೆ. ಮೇದಿನಿ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೆ ಯಾವ ಊರಿನಲ್ಲೂ ತೊಂದರೆಯಿಲ್ಲ. ಸುಗುಣಮ್ಮ ನನ್ನ ಪಕ್ಕದಲ್ಲಿ ಬಂದು ಕೂತು ಮಗಳ ಮುಖ ನೋಡಿದಳು, ಬಾಯಿಗೆ ಸೆರಗು ತುರುಕಿಕೊಂಡಳು, ಆದರೂ ನೋಡುವುದನ್ನು ಬಿಡಲಿಲ್ಲ.

ಮುಕ್ಕಾಲು ಗಂಟೆ ಮೇದಿನಿ ಮಾತಾಡಿದಳು. ನನಗೆ ಒಂದು ಮಾತೂ ಕೇಳಿಸಲಿಲ್ಲ. ಆದರೆ ಮುಖದಲ್ಲಿ ಏನೇನು ಬಂದು ಹೋಯಿತು ಎಂಬುದನ್ನೆಲ್ಲ ನೋಡಿದೆ. ಮೊದಮೊದಲು ಗಂಟಿಕ್ಕಿದ್ದ ಹುಬ್ಬು, ಮಧ್ಯೆ ಒಮ್ಮೆ ಧಾರಾಕಾರ ನೀರು, ಕೊನೆಕೊನೆಗೆ ಬರೀ ಸುಸ್ತು. ಹಿಂದೆ ಕೂತ ನಸ್ರೀನಳಿಗೆ ಅವಳು ಅಳುವುದು ಕಾಣುತ್ತಿರಲಿಲ್ಲ, ನಾನು ‘ಅಳ್ತಿದಾಳೆ’ ಎಂದಾಗ ಕೈ ಹಿಂದೆ ಚಾಚಿ ಅವಳ ಕೈ ಹಿಡಿದುಕೊಂಡಳು. ಕೇಳಿದ್ದನ್ನು ನಸ್ರೀನ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ಮೇದಿನಿಯ ಒಪ್ಪಿಗೆ ಪಡೆದು ಒಂದೇ ಒಂದು ಮಾತು ಹೇಳಿದಳು: “ಬಸ್ಸಿನ ಕಿಟಕಿಯವರು ಅವಳ ಮುಖ ನೋಡ್ತಾರಂತೆ ಮಾಮ. ಒಂದು ಸಲ ಒಂದು ಪುಟ್ಟ ಮಗು ಟಾಟಾ ಮಾಡ್ತಂತೆ. ಅದಕ್ಕೇ ಬರ್ತಿದ್ಲಂತೆ.” ಸೆಲ್ವಮ್ಮ ಇನ್ನೊಂದು ಸಂಗತಿ ಹೇಳಿದಳು. ನಾಲ್ಕೈದು ದಿನದಿಂದ ಹುಡುಗಿ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರುಗಳಿಗೆ ಏನೋ ಹೇಳುತ್ತಿದ್ದಳಂತೆ. ಅವರು ಮುಖ ನೋಡುತ್ತ ಎಲ್ಲಿಗೆ ಟಿಕೆಟ್ಟು ಎಂದು ಕೇಳುವುದು, ಇವಳು ಹೇಳುವುದು, ಅವರಿಗೆ ಕೇಳಿಸದೆ ಇಳಿಸಿ ಹೋಗುವುದು. “ಮೂಕ ಮಗು ಅಂದ್ಕೊಂಡು ದಿನಾ ಬನ್ನು ಕೊಡ್ತಿದ್ದೆ,” ಎಂದಳು. ಅವತ್ತಿನ ಕಂಡಕ್ಟರು ಮಾತ್ರ ಟಿಕೆಟ್ಟಿನ ಮೆಷಿನ್ನು ನೋಡುತ್ತ ಕೇಳಿದ್ದನಂತೆ. ಅದಕ್ಕೇ ಅವನಿಗೆ ಅವಳ ಮಾತು ಕೇಳಿಸಿತ್ತು.

ಅವತ್ತಿಗೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ತಾಲ್ಲೂಕಿನಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದರು, ತಿಂಗಳಿಗೆರಡು ಸಲ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಜೊತೆಗೆ ನಸ್ರೀನ. ಮೊದಲ ದಿನ ಡಾಕ್ಟರು ಮುಖ ನೋಡಿಯೇ ನೋಡಿದರು, ಏನೂ ಕೇಳಿಸದೆ ತಮ್ಮ ಕಿವಿಯನ್ನೇ ಪರೀಕ್ಷೆ ಮಾಡಿಕೊಂಡರು. ನಾನು ಸಮಾಚಾರ ಬಿಡಿಸಿ ಹೇಳಿದ ಮೇಲೆ ನರ್ಸಮ್ಮನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿ ಬರೆದುಕೊಳ್ಳಲು ಹೇಳಿದರು. ಬುದ್ಧಿವಂತರು. ಆರು ತಿಂಗಳು ಮಾತ್ರೆಯೂ ನಡೆಯಿತು. ನಡುವೆ ಮೇದಿನಿ ಮತ್ತೆ ಎರಡು ಸಲ ಹಾಸಿಗೆ ಹಿಡಿದು ಗೋಡೆ ನೋಡುತ್ತ ಮಲಗಿದಳು. ಆಗ ನಾವು ಅವಳ ಪಕ್ಕ ಕೂತು ನೋಡಿದೆವು, ಅಷ್ಟೇ.

ಊರು ಬದಲಾದದ್ದು ಇನ್ನೂ ನಿಧಾನ. ಸೋಮವಾರವೇ ನಾನು ಶಾಲೆಗೆ ಹೋಗಿ ಹೆಡ್‌ಮೇಷ್ಟ್ರ ಮುಂದೆ ನಿಂತೆ. ಹಾಜರಿ ಕೂಗಿದ ಮೇಲೆ ಒಮ್ಮೆ ತಿರುಗಿ ಒಬ್ಬೊಬ್ಬರ ಮುಖ ನೋಡಬೇಕು ಎಂದೆ. ಅವರಿಗೆ ಇರುಸುಮುರುಸಾಯಿತು. “ಅಲ್ಲ ತಿಮ್ಮರಾಯ, ಮಕ್ಕಳ ಮುಖವನ್ನು ದಿಟ್ಟಿಸಿ ನೋಡೋದು ಸಭ್ಯತೇನಾ? ಅವಮಾನ ಆಗಲ್ವಾ ಅವಕ್ಕೆ?”

“ಹನ್ನೊಂದು ದಿನ ಖಾಲಿ ಬೆಂಚಿಗೆ ಹಾಜರಿ ಹಾಕಿದೀರಿ ಸಾರ್,” ಎಂದೆ. “ನಾನು ಖಾಲಿ ಸೀಟನ್ನ ಹನ್ನೊಂದು ದಿನ ಮನೆಗೆ ಬಿಟ್ಟು ಬಂದಿದೀನಿ. ಸಭ್ಯತೆ ನಮಗಿಬ್ಬರಿಗೂ ಸಾಕಷ್ಟು ಆಗಿದೆ.”

ಅವರು ಸಿಟ್ಟಾದರು. ಮಾರನೆಯ ದಿನ ಸುಮ್ಮನೆ ತಿರುಗಿ ನೋಡಿದರು. ಮೂರನೆಯ ದಿನ ಇಬ್ಬರು ಮಕ್ಕಳನ್ನು ಹೊರಗೆ ಕರೆದು, ಊಟ ಮಾಡಿದ್ದೀರಾ ಎಂದು ಕೇಳಿದರು. ಉತ್ತರ ಕೇಳಿಸಿಕೊಳ್ಳಲು ಜವಾನನನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿಕೊಂಡಿದ್ದರಂತೆ. ಕೆರೆ ಏರಿಯ ಮೇಲಿನ ಬದಲಾವಣೆ ಮಾತ್ರ ಹಿರಿಯರ ಕೈಯಲ್ಲಿರಲಿಲ್ಲ, ಅದನ್ನು ಮಾಡಿದ್ದು ನಸ್ರೀನ. ಅವಳೂ ಅವಳ ಬೆನ್ನುಜೊತೆಯೂ ಮೇದಿನಿಯನ್ನು ಕರೆದುಕೊಂಡು ಹೋಗಿ ಮೂವರಾಗಿ ಕೂತರು. ಇಬ್ಬರು ಬೆನ್ನಿಗೆ ಬೆನ್ನು, ಒಬ್ಬಳು ಎದುರಿಗೆ. ಸರದಿಯ ಪ್ರಕಾರ ಜಾಗ ಬದಲಾಯಿಸುವುದು. ಮೊದಲು ಉಳಿದವರು ನಕ್ಕರು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಏರಿಯ ಮೇಲೆ ಎಲ್ಲಿ ನೋಡಿದರೂ ಮೂವರು ಮೂವರೇ. ಒಂಟಿಯಾಗಿ ಬಂದವರನ್ನು ಮೂರನೆಯವರಾಗಿ ಎಳೆದುಕೊಳ್ಳಲು ಪೈಪೋಟಿ ನಡೆಯಿತು. ನೋಡಲು ಒಬ್ಬರು ಬೇಕಲ್ಲ.

ಮೇದಿನಿಯನ್ನು ನೋಡುವ ಸರದಿಗಳಲ್ಲಿ ಶನಿವಾರದ್ದು ನನಗೆ ಮೀಸಲಾಯಿತು. ವ್ಯಾನು ತೊಳೆದು ಏರಿಯ ಮೇಲೆ ಹೋಗಿ ಅವಳ ಎದುರಿಗೆ ಕೂರುವುದು, ಅವಳು ಹಿಂದಿದ್ದ ನಸ್ರೀನಳಿಗೆ ಹೇಳುವುದನ್ನೆಲ್ಲ ಹೇಳುವುದು, ನಾನು ಏನೂ ಕೇಳಿಸಿಕೊಳ್ಳದೆ ನೋಡುವುದು. ಊರಿನಲ್ಲೇ ದೊಡ್ಡ ಕಿವಿಯ ಮನುಷ್ಯ ಎಂದು ಹೆಸರಾದವನು ನಾನು. ವ್ಯಾನಿನಲ್ಲಿ ಅವಳು ಈಗ ಮಾತಾಡುತ್ತಿದ್ದಿರಬಹುದು, ಆದರೆ ಅವಳ ಸ್ಟಾಪಿನಿಂದ ಶಾಲೆಯವರೆಗೆ ನಾನು ರೇಡಿಯೋ ಜೋರಾಗಿ ಹಾಕಿಬಿಡುತ್ತಿದ್ದೆ. ಒಂದಕ್ಷರವೂ ಕೇಳಿಸುವುದು ಬೇಡ ಎಂದು ಬಸ್ಸಿನ ಬಾಗಿಲಲ್ಲಿ ಮಾತು ಕೊಟ್ಟಿದ್ದೆನಲ್ಲ. ಹಾಗೆ ಮೂರು ವರ್ಷ ಕಳೆದರೂ ಅವಳ ದನಿ ದಪ್ಪವೋ ತೆಳುವೋ ನನಗೆ ಗೊತ್ತಿರಲಿಲ್ಲ. ಮುಖ ಮಾತ್ರ ಅಂಗೈ ಗೆರೆಯಷ್ಟು ಗೊತ್ತಾಗಿತ್ತು. ಕೆನ್ನೆ ತುಂಬಿಕೊಂಡದ್ದು, ಮೊಡವೆ ಹೋದದ್ದು, ನಗು ಬರುವ ಮುಂಚೆ ಎಡ ಹುಬ್ಬು ಮೇಲೇರುವುದು.

ಹೋದ ವೈಶಾಖದ ಒಂದು ಶನಿವಾರ, ಸಂಜೆ ಐದರ ಬಿಸಿಲು. ಮೇದಿನಿ ಪಿ.ಯು. ಪರೀಕ್ಷೆ ಮುಗಿಸಿದ್ದಳು. ನಸ್ರೀನ ಕಾಲೇಜಿನಿಂದ ರಜಕ್ಕೆ ಬಂದವಳು ಹಳೆಯ ರೂಢಿಯಂತೆ ಅವಳಿಗೆ ಬೆನ್ನು ಕೊಟ್ಟು ಕೂತಿದ್ದಳು. ಎದುರಿಗೆ ನಾನು. ಬಿಸಿಲು ನೇರ ನನ್ನ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು, ಆದರೂ ನಾನು ಅವಳ ಮೇಲಿನ ದೃಷ್ಟಿ ಕದಲಿಸಲಿಲ್ಲ. ಅವಳ ತುಟಿ ಅಲ್ಲಾಡುತ್ತಿದ್ದವು. ಎಡ ಹುಬ್ಬು ಮೇಲೇರಿತು.

ಆಗ, ಮಾತಿನ ನಟ್ಟನಡುವೆ, ದನಿ ಬಂತು. ಸ್ವಲ್ಪ ಒಡಕು ದನಿ, ನಾನು ಅಂದುಕೊಂಡಿದ್ದಕ್ಕಿಂತ ದಪ್ಪ. ಹದಿನೆಂಟರ ಆಚೀಚೆ ಯಾವ ಗಳಿಗೆಯಲ್ಲಿ ಹೀಗಾಗುತ್ತದೆ ಎಂದು ಯಾರೂ ಹೇಳಲಾರರು. ಆಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

“…ಮೂರು ವರ್ಷದಿಂದ ಹಿಂಗೇ ಕೂತಿದಾರೆ ನೋಡೇ. ಕಣ್ಣಲ್ಲಿ ನೀರು ಸುರೀತಿದೆ ಪಾಪ. ಈ ಮಾಮಂಗೆ ಹೇಳೇ ನಸ್ರೀನ್, ಒಂದು ಸಲ ಕಣ್ಣು ಮುಚ್ಚಿ ತೆಗೆದ್ರೆ ನಾನೇನೂ ಎಲ್ಲೂ ಹೋಗಿರಲ್ಲ ಅಂತ.”

ನಸ್ರೀನ ಅದನ್ನು ನನಗೆ ತಿಳಿಸಲು ಬಾಯಿ ತೆರೆಯುವ ಮೊದಲೇ ನಾನು ಕಣ್ಣು ಮುಚ್ಚಿಕೊಂಡೆ.